ಮೀಸಲು ಕಿವಿ

ಗಣಪತಿಯನ್ನು ನೀರಿಗೆ ಬಿಟ್ಟು ಮೂರು ದಿನವಾಗಿತ್ತು. ಮಳೆ ಹಿಂದೆ ಸರಿದು ಬಿಸಿಲು ಹೊಸದಾಗಿ ಚುರುಗುಟ್ಟತೊಡಗಿದ ಕಾಲ, ಸೋಮವಾರ, ಸಂಜೆ ನಾಲ್ಕರ ಹೊತ್ತು. ಒಂದು ಹಿತ್ತಾಳೆ ಬೋಗುಣಿಗೆ ಕಲಾಯಿ ಹಾಕಿ ಮುಗಿಸಿ ನಾನು ಕೈ ತೊಳೆಯುತ್ತಿದ್ದೆ. ಬಟ್ಟೆಗೆ ಬಣ್ಣ ಹಾಕುವ ಯಲ್ಲೂಸಾ ಓಡುತ್ತ ಬಂದ. ಮೊಣಕೈವರೆಗೆ ನೀಲಿ ಮೆತ್ತಿಕೊಂಡ ಎರಡೂ ಕೈಯಲ್ಲಿ ಒಂದು ಕ್ಯಾಸೆಟ್ಟನ್ನು ಹಕ್ಕಿಮರಿಯ ಹಾಗೆ ಹಿಡಿದಿದ್ದ.

"ಬುಡನಜ್ಜಾ, ಬಂತೋ! ಮಾರ್ಸೆಲಣ್ಣಂದು ಬಂತು!"

"ಯಾರ ಕಿವಿಗೂ ಬಿದ್ದಿಲ್ಲಲ್ಲ?"

"ಮ್ಯಾಲಿನ ಕಾಗದಾ ಸುದ್ದಾ ಹರದಿಲ್ಲ ನೋಡು. ದಾರಿಯೊಳಗ ಅದರ ಕಡೆ ಕಣ್ಣೂ ಹಾಯ್ಸಿಲ್ಲ ನಾ."

ನಮ್ಮೂರಲ್ಲಿ ಹುಟ್ಟಿದವರ ಕಿವಿಗೆ ಕ್ಯಾಸೆಟ್ಟಿನಂಥ ಡಬ್ಬಿಯೊಳಗಿನ ಹಾಡು ಒಂದೊಂದೂ ಒಂದೇ ಸಲ ಕೇಳುತ್ತದೆ. ಎರಡನೇ ಸಲ ಹಾಕಿದರೆ ಮೋಟಾರು ತಿರುಗುವ ಗುರ್ ಅನ್ನುವ ಸಪ್ಪಳವಷ್ಟೇ. ಊರು ಬಿಟ್ಟು ಎಲ್ಲಿಗೆ ಹೋಗಿ ಹಾಕಿದರೂ ಅಷ್ಟೇ. ಎದುರಿಗೆ ಕೂತು ಹಾಡಿದ್ದಕ್ಕೆ, ಬಾರಿಸಿದ್ದಕ್ಕೆ ಈ ಕಟ್ಟಿಲ್ಲ. ಹೀಗಾಗಿ ನಮ್ಮಲ್ಲಿ ಚಹಾದ ಅಂಗಡಿಯಲ್ಲಿ ಹಾಡು ಹಾಕುವುದಿಲ್ಲ. ಹಾಡು ಹಚ್ಚಿಕೊಂಡು ಬರುವ ಲಾರಿಗಳನ್ನು ಹಳ್ಳದ ಸೇತುವೆಯ ಆಚೆಗೇ ನಿಲ್ಲಿಸಿ, "ಅಣ್ಣಾ, ಸ್ವಲ್ಪ ಬಂದ್ ಮಾಡ್ಕೊಂಡು ದಾಟಪಾ" ಅಂತ ಕೈ ಮುಗಿಯುತ್ತಾರೆ. ಅರ್ಧ ಕಿವಿಗೆ ಬಿದ್ದರೂ ಬಿದ್ದಷ್ಟು ಖರ್ಚೇ. ಮಗಳನ್ನು ಕೊಡುವಾಗ ಸೀರೆಯ ಮಡಿಕೆಯಲ್ಲಿ ಕೇಳದ ಹಾಡೊಂದನ್ನು ಇಟ್ಟು ಕಳಿಸುತ್ತಾರೆ. ಜೀವ ಹೋಗುವವರ ಬಾಯಿಗೆ ನೀರು ಬಿಟ್ಟ ಮೇಲೆ ಕಿವಿಗೂ ಹೊಸದೊಂದನ್ನು ಬಿಡುವ ರೂಢಿ ಇದೆ. ಹೊರಗಿನವರು ಇದನ್ನು ಕೇಳಿ ಅಯ್ಯೋ ಪಾಪ ಅನ್ನುತ್ತಾರೆ. ನಮಗೇನೂ ಹಾಗನ್ನಿಸಿಲ್ಲ. ಎರಡು ಸಲ ಕೇಳಬಹುದು ಅಂದುಕೊಂಡವನು ಒಂದು ಸಲವೂ ನೆಟ್ಟಗೆ ಕೇಳುವುದಿಲ್ಲ ಅಂತ ನಮ್ಮ ಹಿರಿಯರ ಮಾತು.

ನಾನು ಎರಡನೇ ಇಯತ್ತೆಗೇ ಪಾಟಿ ಒಡೆದುಕೊಂಡು ಮನೆಗೆ ಬಂದವನು. ಕಬ್ಬಿಣ ಸಂತೆ ಅಂತ ಹೆಸರಿಟ್ಟುಕೊಂಡ ಮಾರ್ಸೆಲನ ರಾಕ್ ತಂಡದವರ ಹಾಡಿನ ಮಾತು ನನಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಐವತ್ತು ವರ್ಷ ಬೆಂಕಿ, ತಗಡು, ತವರದ ಜೊತೆ ಬಾಳಿದವನಿಗೆ ಮಾರ್ಸೆಲನ ಗಿಟಾರು ತಿಳಿಯದೆ ಇದ್ದೀತೇ? ಕಾದ ಪಾತ್ರೆಗೆ ನವಸಾಗರ ಎರಚಿದಾಗ ಏಳುವ ಬಿಳಿ ಹೊಗೆಯ ಹಾಗೆ ಅದು ಭುಸ್ಸನೆ ಏಳುತ್ತಿತ್ತು. ಆಮೇಲೆ ತವರ ಕರಗಿ ಹರಿದಂತೆ ಎಲ್ಲ ಕಡೆ ಬೆಳ್ಳಗೆ ಹರಡುತ್ತಿತ್ತು. ಇಪ್ಪತ್ತು ವರ್ಷ ನಾಲ್ವರು ಕೂಡಿ ಬಾರಿಸಿ, ಜಗಳಾಡಿ ಬೇರೆಯಾದರು. ಈಗ ಮಾರ್ಸೆಲ್ ಒಬ್ಬನೇ ಕೂತು ಮಾಡಿದ ಮೊದಲ ಆಲ್ಬಮ್ಮು ಇದು. ಹೆಸರು 'ಒಂಟಿ ಕೈ'. ಎಂಟು ಹಾಡು.

ಹಳೆಯ ಹತ್ತಿ ಗೋದಾಮನ್ನು ನಾವು ಕೇಳುಮನೆ ಮಾಡಿಕೊಂಡಿದ್ದೇವೆ. ಗೋಡೆಗೆ ಹತ್ತಿಯ ಚೀಲ ಒತ್ತಿಸಿಟ್ಟಿರುವುದರಿಂದ ದನಿ ಅತ್ತಿತ್ತ ಬಡಿದಾಡುವುದಿಲ್ಲ. ಐದಕ್ಕೆಲ್ಲ ಮೂವತ್ತೊಂದು ಮಂದಿ ಕೂಡಿದರು. ಮೊದಲು ಚೀಟಿ ಎತ್ತಬೇಕು. ಪ್ರತಿ ಕೇಳುವಿಕೆಗೂ ಒಬ್ಬರನ್ನು ಹೊರಗಿಡುತ್ತೇವೆ. ಆಮೇಲೆ ವಾದ ಬಿದ್ದು, ಯಾರಿಂದಲೂ ಬಗೆಹರಿಯದೆ ಹೋದರೆ, ಆ ಒಬ್ಬರನ್ನು ಕೂರಿಸಿ ಕೇಳಿಸಿ, ಅವರು ಹೇಳಿದ್ದೇ ಕಡೆಯ ಮಾತು. ಅವರಿಗೆ ಮೀಸಲು ಕಿವಿ ಅನ್ನುತ್ತೇವೆ. ತಮಗೆ ಬೇಕಾದವರು ಯಾರಾದರೂ ಆ ಹಾಡಿನಲ್ಲಿದ್ದರೆ, ಅಥವಾ ಯಾರಾದರೂ ಮೊದಲೇ ಕಿವಿಯಲ್ಲಿ ಊದಿದ್ದರೆ, ಆ ತೀರ್ಪು ನಡೆಯುವುದಿಲ್ಲ. ಡ್ರಾಯಿಂಗ್ ಕಲಿಸಿ ನಿವೃತ್ತರಾದ ಫಕೀರಪ್ಪ ಮಾಸ್ತರು ಗಡಿಗೆಯೊಳಗೆ ಕೈ ಹಾಕಿ ಚೀಟಿ ತೆಗೆದರು.

"ತುಳಜಾ."

ತುಳಜಾ ರವಿಕೆ ಹೊಲಿಯುವವಳು, ನಲವತ್ತು ದಾಟಿದ್ದಳು. ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತು ಗುಂಡಿ ಹಚ್ಚುತ್ತ ಕೇಳುತ್ತಿದ್ದಳು. ವಾದದಲ್ಲಿ ಬಾಯಿ ಹಾಕಿದವಳಲ್ಲ. "ನನ್ನ ಹಣೇಬಾರ ನೋಡ್ರಿ" ಅಂತ ನಕ್ಕು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಸೇತುವೆ ದಾಟಿ ಹೋದಳು. ಮುಗಿದ ಮೇಲೆ ತಟ್ಟೆ ಬಡಿದು ಕರೆಯುವುದು ಪದ್ಧತಿ.

ಬಾಗಿಲು ಹಾಕಿದರು. ಯಲ್ಲೂಸಾ ಗುಂಡಿ ಒತ್ತಿದ.

ಮೊದಲ ಏಳು ಹಾಡುಗಳ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಹೇಳಿಯಾರು. ಮೂರನೆಯದರಲ್ಲಿ ಅವನು ಒಂದೇ ಸ್ವರವನ್ನು ಹಿಡಿದು ಬಿಡದೆ ನಿಂತಾಗ ಗೋದಾಮಿನ ತಗಡು ಸೂರು ಅದಕ್ಕೆ ಓಗೊಟ್ಟಿತು, ಮೂವತ್ತು ಜನ ಒಂದೇ ಉಸಿರು ಹಿಡಿದರು. ಐದನೆಯದರಲ್ಲಿ ನನ್ನ ಪಕ್ಕದಲ್ಲಿ ಕೂತ ಗಟ್ಟಿ ಗಂಡಸೊಬ್ಬ ಎರಡೂ ಕೈ ನೆಲಕ್ಕೆ ಊರಿದ, ಬೀಳುತ್ತೇನೆ ಅನ್ನುವವನ ಹಾಗೆ. ನನ್ನ ವಯಸ್ಸಿಗೆ ಸಾಕಷ್ಟು ಕೇಳಿದ್ದೇನೆ. ಮನುಷ್ಯನ ಕೈಯಿಂದ ಅಷ್ಟು ದೊಡ್ಡದು ಬರುತ್ತದೆ ಅಂತ ಅವತ್ತೇ ತಿಳಿದದ್ದು.

ಎಂಟನೆಯದು ಬಂದಾಗ ಅಬ್ಬರವೆಲ್ಲ ನಿಂತುಬಿಟ್ಟಿತು. ಕರೆಂಟಿಲ್ಲದ ಬರೀ ಕಟ್ಟಿಗೆಯ ಗಿಟಾರು. ನಿಧಾನ. ಮಾರ್ಸೆಲನ ಹೆಬ್ಬೆರಳು ಯಾವಾಗಲೂ ಮುಂದೆ ಬರುತ್ತದೆ, ಉಳಿದ ಬೆರಳುಗಳು ಅದರ ಹಿಂದೆ. ಇದು ಅವನನ್ನು ಕೇಳಿದವರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ಅದರ ಅಡಿಯಿಂದ ಇನ್ನೊಂದು ನಾದ ಬಂತು. ಅಲ್ಲಿ ಹೆಬ್ಬೆರಳು ತಡ. ಬೆರಳುಗಳೆಲ್ಲ ಬಂದು, ದಾರಿ ಕಾಯ್ದು, ಒಂದು ಉಸಿರಿನಷ್ಟು ಆದ ಮೇಲೆ ಹೆಬ್ಬೆರಳು ಬಂದು ಬೀಳುತ್ತಿತ್ತು. ಬೀಳುತ್ತಿದ್ದಂತೆ ಅಂಗೈಯ ಬುಡದಿಂದ ತಂತಿಯನ್ನು ಮುಚ್ಚಿ ದನಿ ಅಡಗಿಸುವುದು. ಆ ಕೈ ನನಗೆ ಗೊತ್ತಿತ್ತು.

ಹದಿನೇಳು ವರ್ಷದ ಹಿಂದೆ ನನ್ನ ಜೊತೆ ತಿದಿ ಒತ್ತುತ್ತಿದ್ದವನು ಪರಸಪ್ಪ, ತುಳಜಾಳ ತಮ್ಮ. ಆಗ ಅವನಿಗೆ ಇಪ್ಪತ್ನಾಲ್ಕು. ಒಮ್ಮೆ ಕಾದ ತವರ ಬಲಗೈ ಮೇಲೆ ಚೆಲ್ಲಿ ಹೆಬ್ಬೆರಳು ಸೆಟೆದುಹೋಯಿತು. ಗಾಯ ಮಾಗಿದ ಮೇಲೆ ಎಣ್ಣೆ ಡಬ್ಬಿಗೆ ಸೈಕಲ್ಲಿನ ಬ್ರೇಕಿನ ತಂತಿ ಬಿಗಿದು ಗಿಟಾರು ಮಾಡಿಕೊಂಡ. ಪಾತ್ರೆ ಬಡಿದು ನೋಡಿ ಅಂಗೈಯಿಂದ ನಾದ ಅಡಗಿಸುವುದು ನಮ್ಮ ಕೆಲಸದ ರೂಢಿ. ಅದೇ ರೂಢಿಯನ್ನು ತಂತಿಗೂ ಹಚ್ಚಿದ. ಹೆಬ್ಬೆರಳು ಮಾತ್ರ ತಡವೇ. "ನಿನ್ನ ಹೆಬ್ಬಟ್ಟು ಮೈಗಳ್ಳ" ಅಂತ ತುಳಜಾ ಕಾಡಿಸುತ್ತಿದ್ದಳು. ಅಪ್ಪ ಅವ್ವ ಇಲ್ಲದ ಮನೆ, ಇವಳ ಹೊಲಿಗೆಯ ಮೇಲೇ ನಡೆಯುತ್ತಿತ್ತು. ಅವನು ಕೆಲಸ ಬಿಟ್ಟು ದಿನವಿಡೀ ಅದನ್ನೇ ಬಾರಿಸುತ್ತ ಕೂತಾಗ ಒಂದು ದಿನ ಇವಳು ಸಿಟ್ಟಿಗೆದ್ದು ಆ ಡಬ್ಬಿಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಿದಳು. ಅವನು ಮರುದಿನ ಊರಲ್ಲಿರಲಿಲ್ಲ. ಅಂದಿನಿಂದ ಕಾಗದವಿಲ್ಲ, ಸುದ್ದಿಯಿಲ್ಲ. ಕುಲದ ಹಿರಿಯರು ನಾಲ್ಕೈದು ವರ್ಷದಿಂದ ಅವಳಿಗೆ ಹೇಳುತ್ತಿದ್ದರು, ಇನ್ನು ಕಾಯಬೇಡ, ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರ ಜೊತೆ ಅವನ ಹೆಸರಿಗೂ ಒಂದು ಎಡೆ ಇಟ್ಟುಬಿಡು, ಆತ್ಮ ಅಲೆದಾಡಬಾರದು ಅಂತ. ಈ ವರ್ಷ ಅವಳು ಹೂಂ ಅಂದಿದ್ದಳು. ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು.

ಹಾಡು ಮುಗಿಯಿತು. ತಟ್ಟೆ ಬಡಿಯುವುದನ್ನೇ ಮರೆತು ಕೂತಿದ್ದೆವು.

ಮೊದಲು ಬಾಯಿ ಬಿಟ್ಟವರು ಫಕೀರಪ್ಪ ಮಾಸ್ತರು. "ಒಂಟಿ ಕೈ ಅಂತ ಹೆಸರಿಟ್ಟು ಕಡೀ ಹಾಡಿಗೆ ಇನ್ನೊಬ್ಬನ್ನ ಕೂಡಿಸ್ಕೊಂಡಾನಲ್ಲೋ ನಿಮ್ಮ ಮಾರ್ಸೆಲಣ್ಣ!"

"ಯಾವ ಇನ್ನೊಬ್ಬ?" ಯಲ್ಲೂಸಾ ಎದ್ದೇ ನಿಂತ. "ಎರಡೂ ಅವನ ಬಾರಿಸ್ಯಾನ. ಹೊದಿಕಿ ಮ್ಯಾಲೆ ಒಂದ ಹೆಸರೈತಿ, ಓದ್ರಿ, ಕನ್ನಡಕ ಹಾಕ್ಕೊಂಡು ಓದ್ರಿ."

"ಹೆಸರು ಕಿವಿಗೆ ಕೇಳಂಗಿಲ್ಲಪಾ. ನಾಲ್ವರೊಳಗ ಇದ್ದಾಗ ಅವ ಹುಲಿ. ಒಬ್ಬನ ಕೂತಾಗ ಹೆದರಿಕಿ ಆಗೇತಿ, ಜೋಡಿಗೆ ಒಬ್ಬನ್ನ ಕರದಾನ. ಅದಕ್ಕ ಹೇಳತೀನಿ, ಕಬ್ಬಿಣ ಸಂತಿ ಇಲ್ಲದ ಮಾರ್ಸೆಲ್ ಇಲ್ಲ."

"ಮಾಸ್ತರ, ನೀವು ಬಣ್ಣದ ಪೆಟಿಗಿ ಮುಂದ ಕೂತವರು. ಕಿವಿ ಕೆಲಸ ನಮಗ ಬಿಡ್ರಿ."

"ನೀ ಕೂತದ್ದೂ ಬಣ್ಣದ ಹಂಡೆದ ಮುಂದನ ಅಲ್ಲೇನೋ!"

ಆ ವಾದ ಊರನ್ನು ಎರಡು ಹೋಳು ಮಾಡಿತು. ಒಂದು ಕಡೆ ಹಳೆಯ ತಂಡದ ಅಭಿಮಾನಿಗಳು, ಇನ್ನೊಂದು ಕಡೆ ಮಾರ್ಸೆಲನವರು. ಬಾವಿಯ ಕಟ್ಟೆಯ ಮೇಲೆ, ಕ್ಷೌರದ ಕುರ್ಚಿಯಲ್ಲಿ, ಹೆಂಗಸರು ಹಪ್ಪಳ ಲಟ್ಟಿಸುವಲ್ಲಿ ಅದೇ ಮಾತು: ಒಂದು ಗಿಟಾರೋ, ಎರಡೋ? ಮಾಸ್ತರು ಇದ್ದಿಲು ತಗೊಂಡು ಯಲ್ಲೂಸಾನ ಗೋಡೆಯ ಮೇಲೆ ಹನ್ನೊಂದು ಬೆರಳಿನ ಒಂದು ಕೈ ಬರೆದು, ಅಡಿಗೆ 'ಒಂಟಿ ಕೈ' ಅಂತ ಬರೆದರು. ಯಲ್ಲೂಸಾ ಅದನ್ನು ಒರೆಸಲಿಲ್ಲ. "ಮಾರ್ಸೆಲಣ್ಣಗ ಅಷ್ಟು ಅದಾವ ಅಂತ ಮಾಸ್ತರ ಒಪ್ಪಿದ್ರಲ್ಲ, ಇರ್ಲಿ ಬಿಡು" ಅಂದ.

ನಾನು ಬಾಯಿ ಬಿಡಲಿಲ್ಲ. ಅಂಥದ್ದನ್ನು ಹೇಗೆ ತಡೆದುಕೊಂಡೆ ಅಂತ ಕೇಳಬಹುದು. ನನಗೆ ಎರಡು ಭಯವಿತ್ತು. ಒಂದು, ನಾನೂ ಒಂದೇ ಸಲ ಕೇಳಿದವನು. ಹದಿನೇಳು ವರ್ಷದ ನೆನಪು ಕಿವಿಗೆ ಏನನ್ನಾದರೂ ಹಚ್ಚೀತು. ಸತ್ತ ಹೆಂಡತಿಯ ಬಳೆಯ ಸಪ್ಪಳ ನನಗೆ ಈಗಲೂ ಹಿತ್ತಿಲಲ್ಲಿ ಕೇಳುತ್ತದೆ. ಹಾಗಂತ ಅವಳು ಅಲ್ಲಿದ್ದಾಳೆಯೇ? ಇನ್ನೊಂದು, ಈ ಊರಲ್ಲಿ ಆ ಹಾಡನ್ನು ಇನ್ನೂ ಕೇಳದೆ ಉಳಿದ, ಪರಸಪ್ಪನ ಕೈ ಬಲ್ಲ ಕಿವಿ ಒಂದೇ. ನಾನು ಮೊದಲೇ ಹೇಳಿಬಿಟ್ಟರೆ ಅವಳು ಬಯಸಿದ್ದನ್ನೇ ಕೇಳುತ್ತಾಳೆ. ಇಲ್ಲದ ತಮ್ಮನನ್ನು ಇದ್ದಾನೆ ಅಂದುಕೊಂಡು ಊರೂರು ಅಲೆದಾಳು. ಹೇಳದಿದ್ದರೆ, ಅವಳು ತಾನಾಗಿ ಗುರುತು ಹಿಡಿದರೆ, ಅದು ನಿಜ. ಹಿಡಿಯದಿದ್ದರೆ? ಒಂದೋ ಎರಡೋ ಅಂತ ಎಣಿಸುತ್ತಲೇ ಅವಳ ಒಂದೇ ಒಂದು ಸಲ ಕಳೆದುಹೋದರೆ? ತವರ ಕರಗಿ ಹದಕ್ಕೆ ಬರುವ ಮೊದಲು ಅದನ್ನು ಹರಡುವ ಹತ್ತಿ ಒತ್ತಬಾರದು ಅಂತ ಮಾತ್ರ ನನಗೆ ಗೊತ್ತು. ಕಾದೆ.

ಭಾನುವಾರ ಮಧ್ಯಾಹ್ನ ಅವಳೇ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಕಪ್ಪಾದ ಒಂದು ತಪ್ಪೇಲಿ.

"ಅಜ್ಜಾ, ಇದಕ್ಕ ಛಲೋತ್ನಾಗಿ ಕಲಾಯಿ ಹಾಕಿ ಕೊಡು. ಎಡಿಗೆ ಅನ್ನ ಮಾಡಬೇಕು."

"ಹಾಕೋಣಂತ, ಇಡು."

ಹೋಗದೆ ನಿಂತಳು. ಕಟ್ಟೆಯ ಮೇಲೆ ಕೂತು ತಪ್ಪೇಲಿಯ ಅಂಚನ್ನು ಉಗುರಿನಿಂದ ಕೆರೆಯುತ್ತ, "ಪರಸ್ಯಾಗ ಏನ್ ಸೇರತಿತ್ತು ಅಂತ ನೆನಪೈತೇನ ನಿನಗ? ಮನಿಯೊಳಗ ಏನ್ ಇಕ್ಕಿದ್ರೂ ಸುಮ್ಮನ ಉಣ್ಣಾಂವ. ಅವನಿಗೆ ಏನ್ ಬೇಕಂತ ನಾ ಒಂದ್ ದಿನಾನೂ ಕೇಳಲಿಲ್ಲ ನೋಡು. ಈಗ ಎಡಿ ಮ್ಯಾಲೆ ಏನ್ ಇಡ್ಲಿ?" ಅಂದಳು.

ಒಲೆಯ ಬೆಂಕಿ ನನ್ನ ಮುಖಕ್ಕೇ ಹೊಡೆದಂತಾಯಿತು. ನಾಲಗೆ ತುದಿಯವರೆಗೆ ಬಂದಿತ್ತು ಮಾತು. "ಇನ್ನೂ ಆರು ದಿನ ಐತಲ್ಲವ್ವಾ, ಅವಸರ ಯಾಕ" ಅಂದೆ. ಅಷ್ಟೇ ಅಂದೆ. ಅವಳು ಕಣ್ಣು ಒರೆಸಿಕೊಂಡು ಎದ್ದುಹೋದಳು.

ಅದೇ ಸಂಜೆ ಎರಡೂ ಕಡೆಯವರು ಬೇಸತ್ತು, ಮೀಸಲು ಕಿವಿಯನ್ನು ಕೂರಿಸುವುದು ಅಂತ ತೀರ್ಮಾನ ಮಾಡಿದರು. ಸೋಮವಾರ ಐದು ಗಂಟೆಗೆ, ಮೊದಲೇ ಕೇಳಿದವರನ್ನಷ್ಟೇ ಒಳಗೆ ಬಿಟ್ಟರೂ, ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಒಂದು ಚಾಪೆ, ಅದರ ಮೇಲೆ ತುಳಜಾ. ಮೀಸಲು ಕಿವಿಗೆ ತುಣುಕು ಕೇಳಿಸುವಂತಿಲ್ಲ, ಪೂರ್ತಿ ಕೇಳಿಸಬೇಕು. ಮಾಸ್ತರು ಎಲ್ಲರಿಗೂ ಕೇಳುವಂತೆ ಹೇಳಿದರು: "ತಂಗೀ, ಬ್ಯಾರೆ ಏನೂ ಹೇಳಬ್ಯಾಡ. ಕಡೀ ಹಾಡಿನೊಳಗ ಎಷ್ಟು ಗಿಟಾರ ಕೇಳತಾವು ಅಷ್ಟು ಬೆರಳು ಎತ್ತು." ಯಲ್ಲೂಸಾ ಗುಂಡಿ ಒತ್ತಿದ. ನಮಗೆ ಗುರ್ ಅನ್ನುವ ಸಪ್ಪಳವಷ್ಟೇ.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವಳ ಕಾಲ ಬೆರಳು ಅಲುಗಿತು. ಆಮೇಲೆ ಭುಜ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಜೋಳದ ಹೊಲ ಬಾಗುವುದು ಕಾಣುತ್ತದಲ್ಲ, ಹಾಗೆ ಹಾಡು ಅವಳ ಮೇಲೆ ಹಾದುಹೋಗುವುದು ನಮಗೆ ಕಂಡಿತು. "ಎರಡನೇದು ಶುರು ಆತು" ಅಂತ ಯಾರೋ ಪಿಸುಗುಟ್ಟಿದರು. ಮೂರನೆಯದರ ಆ ಒಂದು ಸ್ವರ ಬಂದಾಗ ಅವಳು ಗಂಟಲು ಮೇಲೆತ್ತಿ ಉಸಿರು ಹಿಡಿದಳು. ಅವಳ ಜೊತೆ ನಾವೆಲ್ಲ ಹಿಡಿದೆವು, ಬಿಟ್ಟಾಗ ಬಿಟ್ಟೆವು. ಐದನೆಯದಕ್ಕೆ ಅವಳ ಕೈಗಳೂ ನೆಲಕ್ಕೆ ಊರಿದವು. ನಮ್ಮ ಪಾಲಿಗೆ ಮುಗಿದುಹೋಗಿದ್ದ ಹಾಡು ಮತ್ತೆ ಬಂದಿತ್ತು, ಈ ಸಲ ಒಬ್ಬ ಹೆಂಗಸಿನ ಮೈಯಲ್ಲಿ. ಯಲ್ಲೂಸಾ ಅಳುತ್ತಿದ್ದ. ಮಾಸ್ತರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಷ್ಟು ಮಂದಿ ಒಬ್ಬರ ಮುಖವನ್ನು ಹಾಗೆ ನೋಡಿದ್ದನ್ನು ನಾನು ದರ್ಗಾದಲ್ಲೂ ಕಂಡಿಲ್ಲ, ಗುಡಿಯಲ್ಲೂ ಕಂಡಿಲ್ಲ.

ಏಳು ಮುಗಿದವು. ಅವಳ ಮೈ ತಿಳಿಯಾಯಿತು. ಎಂಟನೆಯದು ಅಂತ ಎಲ್ಲರಿಗೂ ಗೊತ್ತಾಯಿತು. ಬಲಗೈ ಎತ್ತಿ ಒಂದು ಬೆರಳು ತೋರಿಸಿದಳು. ಮಾರ್ಸೆಲ್. ಸ್ವಲ್ಪ ಹೊತ್ತಿಗೆ ಎರಡನೇ ಬೆರಳು ಅರ್ಧ ಎದ್ದಿತು, ಅಲ್ಲೇ ನಿಂತಿತು. ಎರಡು ಅನ್ನುವ ಹಳೆಯ ತಂಡದ ಕಡೆಯವರು ಮುಂದಕ್ಕೆ ಬಾಗಿದರು. ಕೈ ಮೆಲ್ಲಗೆ ಇಳಿದು ಮೊಣಕಾಲಿನ ಮೇಲೆ ಬಿತ್ತು. ಬೆರಳುಗಳು ಮೊಣಕಾಲ ಮೇಲೆ ಆಡಿದವು, ಕಾಯ್ದವು. ಆಮೇಲೆ ಹೆಬ್ಬೆರಳು ಬಂದು ಬಿತ್ತು.

ಅವಳು ನಕ್ಕಳು. ಅಷ್ಟು ಮಂದಿಯ ನಡುವೆ, ಕಣ್ಣು ಮುಚ್ಚಿಕೊಂಡೇ, ಅಂಗಳದಲ್ಲಿ ತಮ್ಮನನ್ನು ಕಾಡಿಸುವ ಹುಡುಗಿಯ ಹಾಗೆ ನಕ್ಕಳು. "ಮೈಗಳ್ಳ," ಅಂದಳು. "ಇನ್ನೂ ತಡಾನ ಮಾಡ್ತಾನ."

ಪರಸಪ್ಪ ಬದುಕಿದ್ದ. ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಹಾಡು ಮುಗಿಯುವವರೆಗೆ ಅವಳು ಅಲುಗಲಿಲ್ಲ.

"ಅಂದ್ರ ಎರಡು!" ಮಾಸ್ತರ ಬಾಯಿಂದ ಜಾರಿತು. ಜಾರಿದ ಕೂಡಲೇ ನಾಲಗೆ ಕಚ್ಚಿಕೊಂಡು ತಲೆ ತಗ್ಗಿಸಿದರು.

"ಮಾಸ್ತರ, ನಾ ತೀರ್ಪು ಹೇಳಾಕ ಬರಂಗಿಲ್ರಿ," ಅಂದಳು ತುಳಜಾ. "ಅದರೊಳಗ ನನ್ನವ ಒಬ್ಬ ಅದಾನ." ಆಮೇಲೆ ಯಲ್ಲೂಸಾನ ಕಡೆ ತಿರುಗಿ, "ಅಣ್ಣಾ, ಇದನ್ನ ಯಾವ ಊರಾಗ ಬಾರಿಸ್ಯಾರ? ಹೊದಿಕಿ ಮ್ಯಾಲೆ ಬರದಿರಬೇಕಲ್ಲ?"

ಎಂಟು ದಿನ ಒಂದೇ, ಒಂದೇ ಅಂತ ಗಂಟಲು ಹರಿದುಕೊಂಡ ಯಲ್ಲೂಸಾ ಹೊದಿಕೆಯ ಕಾಗದ ಬಿಚ್ಚಿ, ಇರುವೆಯ ಸಾಲಿನಂಥ ಅಕ್ಷರದಲ್ಲಿದ್ದ ವಿಳಾಸ ಓದಿದ.

ಆಗ ನಾನು ಎದ್ದೆ. ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. "ತುಳಜವ್ವಾ, ನನಗ ಮೊದಲನೇ ದಿನಾನ ಗೊತ್ತಾಗಿತ್ತು. ನಾ ಹೇಳಿದ್ದರ ನೀ ನನ್ನ ಕಿವೀಲೆ ಕೇಳ್ತಿದ್ದಿ. ನಿನ್ನ ಕಿವೀಲೆ ಕೇಳ್ಲಿ ಅಂತ ಸುಮ್ಮನಿದ್ದೆ."

ಅವಳು ನನ್ನ ಕಡೆ ತಿರುಗಿದಳು. "ನಿನ್ನೆ ಎಡಿ ಮ್ಯಾಲೆ ಏನ್ ಇಡ್ಲಿ ಅಂತ ಕೇಳಿದಾಗಾದ್ರೂ ಬಾಯಿ ಬಿಡಬೇಕಿತ್ತಜ್ಜಾ" ಅಂದಳು. ಜನ ದಾರಿ ಬಿಟ್ಟರು, ಅವಳು ಹೊರಗೆ ಹೋದಳು.

ಮೀಸಲು ಕಿವಿಯ ತೀರ್ಪು ನಡೆಯದ್ದರಿಂದ ಒಂದೋ ಎರಡೋ ಅನ್ನುವುದು ಪದ್ಧತಿಯ ಪ್ರಕಾರ ಇನ್ನೂ ಬಗೆಹರಿದಿಲ್ಲ. ಅಂದು ಸಂಜೆ ಮಾತ್ರ ಅದರ ಮಾತು ಯಾರೂ ಎತ್ತಲಿಲ್ಲ. ಮನೆಗೆ ಹೋಗುವ ಜನ ಚಪ್ಪಲಿ ಸಪ್ಪಳವೂ ಆಗದ ಹಾಗೆ ನಡೆದರು.

ಬುಧವಾರ ಬೆಳಿಗ್ಗೆ ಏಳರ ಬಸ್ಸಿಗೆ ಸೇತುವೆಯ ಹತ್ತಿರ ಹತ್ತಿಪ್ಪತ್ತು ಮಂದಿ ಕೂಡಿದ್ದರು. ಯಲ್ಲೂಸಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತುಳಜಾಳ ಗಂಟನ್ನು ಹೆಗಲಿಗೇರಿಸಿ ನಿಂತಿದ್ದ. "ನೀ ಯಾಕ ಹೊಂಟಿಪಾ?" ಅಂತ ಮಾಸ್ತರು ಕೇಳಿದರು. "ಒಂದ ಗಿಟಾರ ಅಂತ ಮಾರ್ಸೆಲಣ್ಣನ ಬಾಯಿಂದನ ಹೇಳಿಸ್ಕೊಂಡು ಬರ್ತೀನ್ರಿ. ಆಕಿ ತಮ್ಮ ಬ್ಯಾರೆ ಕೂತು ಬ್ಯಾರೆ ಏನರೆ ಬಾರಿಸಿರಬೇಕು" ಅಂದ. ಮಾಸ್ತರು ಅವನ ಬೆನ್ನು ತಟ್ಟಿದರು.

ಬಸ್ಸು ಹತ್ತುವ ಮುಂಚೆ ತುಳಜಾ ನನ್ನ ಹತ್ತಿರ ಬಂದಳು. "ಅಜ್ಜಾ, ನೀ ಮಾಡಿದ್ದು ಖರೇನ ಇರಬಹುದು. ಆದ್ರ ನನಗಿನ್ನೂ ಸಿಟ್ಟು ಹೋಗಿಲ್ಲ. ಅದು ಹೋದ ಮ್ಯಾಲೆ ನಿನ್ನ ಅಂಗಡಿಗೆ ಬರ್ತೀನಿ."

"ನಿಧಾನಕ್ಕ ಬಾರವ್ವಾ" ಅಂದೆ. "ನಾ ಇರ್ತೀನಿ."

ಬಸ್ಸು ಹಳ್ಳದ ಏರು ಹತ್ತಿ ತಿರುವಿನಲ್ಲಿ ಕಾಣದಾಯಿತು. ಹೋದವರು ಇಬ್ಬರು, ತುಳಜಾ ಮತ್ತು ಬಣ್ಣದ ಯಲ್ಲೂಸಾ. ಅಂದು ಬುಧವಾರ, ಅಮಾವಾಸ್ಯೆಗೆ ಇನ್ನೂ ಮೂರು ದಿನವಿತ್ತು.